ಹಿಮನದಿಯ ಹೊಟ್ಟೆಯಲ್ಲೊಂದು ಕೆರೆ

ಮೋಂ ಬ್ಲಾಂ ಪರ್ವತದ ಹೆಸರು ಭಾರತೀಯರಿಗೆ ಹೆಚ್ಚಾಗಿ ಪರಿಚಯವಾದದ್ದು ಒಂದು ದುಃಖದ ಸುದ್ದಿಯಿಂದ. 1966ರ ಜನವರಿ 24ರಂದು ಏರ್ ಇಂಡಿಯಾದ ‘ಕಾಂಚನಜಂಗಾ’ ಎಂಬ ಬೋಯಿಂಗ್ 707 ವಿಮಾನ ಈ ಪರ್ವತದ ತುದಿಯ ಸಮೀಪ ಅಪ್ಪಳಿಸಿತು. ಅದರಲ್ಲಿದ್ದ 117 ಮಂದಿಯೂ ಅಸುನೀಗಿದರು. ಅವರಲ್ಲಿ ಒಬ್ಬರು ಡಾ. ಹೋಮಿ ಭಾಭಾ, ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದು ವಿಶ್ವಕಿರಣಗಳ ಸಂಶೋಧನೆ ನಡೆಸಿದವರು. ಪಠ್ಯಪುಸ್ತಕಗಳಲ್ಲಿ ಮೌಂಟ್ ಬ್ಲಾಂಕ್ ಎಂದು ಓದುವ ಪರ್ವತ ಇದೇ. ಎತ್ತರ ಸುಮಾರು 4,806 ಮೀಟರ್. ತುದಿಯ ಮೇಲೆ ಹಿಮದ ಟೋಪಿಯೊಂದು ಸದಾ ಇರುವುದರಿಂದ, ಅಳೆದಾಗಲೆಲ್ಲ ಈ ಸಂಖ್ಯೆ ಒಂದೆರಡು ಮೀಟರ್ ಹೆಚ್ಚು ಕಡಿಮೆಯಾಗುತ್ತದೆ.

ಆದರೆ ಈ ಲೇಖನದ ವಿಷಯ ಆ ಅಪಘಾತವಲ್ಲ. ಅದೇ ಪರ್ವತದ ಪಶ್ಚಿಮದ ಬದಿಯಲ್ಲಿ, ಫ್ರಾನ್ಸಿನ ಓತ್-ಸಾವ್ವಾ ಜಿಲ್ಲೆಯಲ್ಲಿ ಇರುವ ಒಂದು ಪುಟ್ಟ ಊರು. ಹೆಸರು ಸ್ಯಾಂ-ಜೆರ್ವೆ-ಲೆ-ಬ್ಯಾಂ. ಜನಸಂಖ್ಯೆ ಐದೂವರೆ ಸಾವಿರದ ಆಸುಪಾಸು. ಆಡಳಿತದ ಭಾಷೆಯಲ್ಲಿ ಇದೊಂದು ‘ಕೊಮ್ಯೂನ್’. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, 1789ರಲ್ಲಿ, ರೂಪುಗೊಂಡ ಈ ವ್ಯವಸ್ಥೆಯಲ್ಲಿ ಹಳ್ಳಿಯಾಗಲಿ ಮಹಾನಗರವಾಗಲಿ, ಪ್ರತಿಯೊಂದು ಊರಿಗೂ ಒಂದು ಚುನಾಯಿತ ಸಭೆ, ಅದಕ್ಕೊಬ್ಬ ಮೇಯರ್. ನಮ್ಮ ಗ್ರಾಮ ಪಂಚಾಯಿತಿಗೆ ಹೋಲಿಸಬಹುದು. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು: ಊರಿನ ಜನರ ಸುರಕ್ಷತೆಗೆ ಕಾನೂನಿನ ಪ್ರಕಾರ ಮೊದಲು ಹೊಣೆಯಾಗುವವನು ಮೇಯರ್. ಅಪಾಯವಿದೆಯೆಂದು ತಿಳಿದ ಮೇಲೂ ಸುಮ್ಮನಿದ್ದರೆ ಅವನು ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ಈ ಸಂಗತಿ ಮುಂದೆ ಮುಖ್ಯವಾಗುತ್ತದೆ.

ಊರಿನ ಹೆಸರಿನ ಕೊನೆಯಲ್ಲಿರುವ ‘ಬ್ಯಾಂ’ ಎಂದರೆ ಸ್ನಾನದ ಮನೆಗಳು. 1806ರಲ್ಲಿ ಇಲ್ಲಿನ ಒಂದು ಕಂದರದ ತಳದಲ್ಲಿ ಖನಿಜಯುಕ್ತ ಬಿಸಿನೀರಿನ ಬುಗ್ಗೆ ಪತ್ತೆಯಾಯಿತು. ಚರ್ಮರೋಗಗಳಿಗೆ ಈ ನೀರು ಒಳ್ಳೆಯದೆಂಬ ಹೆಸರು ಹಬ್ಬಿ, ಕಂದರದ ಒಳಗೇ, ಬೊನ್ನಾಂ ಎಂಬ ತೊರೆಯ ಪಕ್ಕದಲ್ಲಿ, ಸ್ನಾನಗೃಹಗಳೂ ವಸತಿಗೃಹಗಳೂ ಎದ್ದವು. ಯುರೋಪಿನ ಅನುಕೂಲಸ್ಥರು ಬೇಸಿಗೆಯಲ್ಲಿ ಬಂದು ವಾರಗಟ್ಟಲೆ ತಂಗುತ್ತಿದ್ದರು. ಬುಗ್ಗೆ ಎಲ್ಲಿದೆಯೋ ಅಲ್ಲೇ ಕಟ್ಟಡ ಕಟ್ಟಬೇಕಲ್ಲವೆ? ಹಾಗೆ ಕಟ್ಟಿದ ಜಾಗ ಬೆಟ್ಟದ ನೀರೆಲ್ಲ ಹರಿದು ಹೋಗುವ ಓಣಿಯಾಗಿತ್ತು.

1892ರ ಜುಲೈ 11ರ ರಾತ್ರಿ ಕಳೆದು 12ನೆಯ ತಾರೀಖು ಆಗಷ್ಟೇ ಶುರುವಾಗಿತ್ತು. ಊರು ಮಲಗಿತ್ತು. ಬೆಟ್ಟದ ಮೇಲೆ, ಸುಮಾರು 3,200 ಮೀಟರ್ ಎತ್ತರದಲ್ಲಿರುವ ತೆತ್ ರೂಸ್ ಎಂಬ ಸಣ್ಣ ಹಿಮನದಿಯ ಮುಂಭಾಗ ಒಮ್ಮೆಲೇ ಒಡೆಯಿತು. ಒಳಗಿದ್ದ ನೀರು ಹೊರನುಗ್ಗಿತು. ಅಂದಾಜು 1 ಲಕ್ಷ ಘನಮೀಟರ್ ಎಂದು ಲೆಕ್ಕ. ಹಿಮನದಿಯಿಂದ ಕೆಳಗಿನ ಬಯಲಿಗೆ ಎರಡೂವರೆ ಕಿಲೋಮೀಟರಿಗೂ ಹೆಚ್ಚಿನ ಇಳಿತ. ಇಷ್ಟು ಕಡಿದಾದ ದಾರಿಯಲ್ಲಿ ಇಳಿಯುವ ನೀರು ನೀರಾಗಿಯೇ ಉಳಿಯುವುದಿಲ್ಲ. ಸಡಿಲ ಮಣ್ಣು, ಜಲ್ಲಿ, ಬಂಡೆ, ಮರ, ಸಿಕ್ಕಿದ್ದನ್ನೆಲ್ಲ ಎತ್ತಿಕೊಂಡು ಹಸಿ ಕಾಂಕ್ರೀಟಿನಂತೆ ಗಟ್ಟಿಯಾಗುತ್ತ ಸಾಗುತ್ತದೆ. ಕೆಳಗೆ ಬಂದು ಬಿದ್ದ ರಾಶಿ ಸುಮಾರು 8 ಲಕ್ಷ ಘನಮೀಟರ್ ಎಂದು ಆಮೇಲೆ ಅಂದಾಜು ಮಾಡಿದರು. ಎಂದರೆ ಹೊರಟ ನೀರಿನ ಎಂಟು ಪಟ್ಟು.

ಬಿಯೊನಾಸೆ ಕಣಿವೆಯಲ್ಲಿ ಇಳಿದ ಆ ರಾಶಿ ಬಿಯೊನೆ ಎಂಬ ಹಳ್ಳಿಯ ಮನೆಗಳನ್ನು ಒರೆಸಿಕೊಂಡು, ಬೊನ್ನಾಂ ತೊರೆಯ ಇಕ್ಕಟ್ಟಾದ ಕಂದರಕ್ಕೆ ನುಗ್ಗಿತು. ಕಂದರದ ಬಾಯಲ್ಲಿ ಸ್ನಾನಗೃಹಗಳು. ಅದರ ಕೆಳಗೆ ಲ ಫಾಯೆ ಎಂಬ ಬಡಾವಣೆ. ಸತ್ತವರು ಸುಮಾರು 175 ಮಂದಿ ಎಂಬುದು ಸಾಮಾನ್ಯವಾಗಿ ಹೇಳುವ ಸಂಖ್ಯೆ. ಊರಿನವರ ಜೊತೆಗೆ ದೂರದಿಂದ ಬಂದು ತಂಗಿದ್ದ ಅತಿಥಿಗಳೂ ಅದರಲ್ಲಿದ್ದರು. ಹಿಮನದಿಗಳಿಂದಾದ ದುರಂತಗಳ ಪಟ್ಟಿಯಲ್ಲಿ ಯುರೋಪಿನ ಮಟ್ಟಿಗೆ ಇದು ಅತ್ಯಂತ ಭೀಕರವಾದವುಗಳಲ್ಲಿ ಒಂದು.

ಬೆಳಗಾದಾಗ ಎದ್ದ ಪ್ರಶ್ನೆ ಒಂದೇ. ಇಷ್ಟು ನೀರು ಎಲ್ಲಿಂದ ಬಂತು? ತೆತ್ ರೂಸ್ ದೊಡ್ಡ ಹಿಮನದಿಯೇನಲ್ಲ. ಅದರ ಪಕ್ಕದಲ್ಲೇ ಇರುವ ಬಿಯೊನಾಸೆ ಹಿಮನದಿ ಅದಕ್ಕಿಂತ ಬಹುಪಾಲು ದೊಡ್ಡದು. ಕಣಿವೆಯಲ್ಲಿ ಯಾರಾದರೂ ಹೆದರಬೇಕಾಗಿದ್ದರೆ ಆ ದೊಡ್ಡದಕ್ಕೆ ಹೆದರಬೇಕಿತ್ತು.

ಉತ್ತರ ಹುಡುಕಿ ಕೆಲವೇ ದಿನಗಳಲ್ಲಿ ಮೇಲೆ ಹತ್ತಿದವರಲ್ಲಿ ಜೋಸೆಫ್ ವಾಲೋ ಒಬ್ಬರು. 1890ರಲ್ಲಿ ಮೋಂ ಬ್ಲಾಂ ತುದಿಯ ಸನಿಹದಲ್ಲಿ ವೀಕ್ಷಣಾಲಯ ಕಟ್ಟಿಸಿದ ವಿಜ್ಞಾನಿ ಇವರು. ಹಿಮನದಿಯ ಮುಂಭಾಗದಲ್ಲಿ ಒಂದು ದೊಡ್ಡ ಗುಹೆ ಬಾಯಿ ತೆರೆದು ನಿಂತಿತ್ತು. ಇವರ ತಂಡ ಅದರೊಳಗೆ ಹೊಕ್ಕು ನೋಡಿದಾಗ, ಆಚೆಗೆ ಇನ್ನೊಂದು, ಮೇಲ್ಛಾವಣಿ ಕುಸಿದು ಆಕಾಶಕ್ಕೆ ತೆರೆದುಕೊಂಡಿದ್ದ ದೊಡ್ಡ ಹೊಂಡ ಕಾಣಿಸಿತು. ಗೋಡೆಗಳೆಲ್ಲ ನೀರಿನಿಂದ ನುಣುಪಾದ ಮಂಜುಗಡ್ಡೆ. ಹಿಮನದಿಯ ಒಡಲಿನಲ್ಲಿ ಒಂದು ಕೆರೆಯೇ ಇತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಹೊರಗಿನಿಂದ ನೋಡಿದವರಿಗೆ ಅದರ ಸುಳಿವೇ ಇರಲಿಲ್ಲ.

ಮತ್ತೆ ಹೀಗಾಗಬಾರದೆಂದು ಅರಣ್ಯ ಮತ್ತು ಜಲ ಇಲಾಖೆಯ ಎಂಜಿನಿಯರುಗಳು ಬಂಡೆಯನ್ನೂ ಮಂಜುಗಡ್ಡೆಯನ್ನೂ ಕೊರೆದು ಸುರಂಗ ಮಾಡಿದರು. ಮೊದಲನೆಯದು 1899ರಲ್ಲಿ, ಎರಡನೆಯದು 1904ರಲ್ಲಿ. ನೀರು ಒಳಗೆ ಕೂಡಿದರೆ ಈ ದಾರಿಯಿಂದ ಸದ್ದಿಲ್ಲದೆ ಹರಿದುಹೋಗಲಿ ಎಂಬುದು ಆಲೋಚನೆ. ಆ ಎತ್ತರದಲ್ಲಿ, ವರ್ಷದಲ್ಲಿ ಕೆಲವೇ ತಿಂಗಳು ಕೆಲಸ ಸಾಧ್ಯವಿರುವಲ್ಲಿ, ಗುದ್ದಲಿ ಸಿಡಿಮದ್ದುಗಳ ಕಾಲದಲ್ಲಿ ಮಾಡಿದ ಕೆಲಸ ಅದು. ಆಮೇಲೆ ಒಂದು ಶತಮಾನದವರೆಗೆ ಇಲಾಖೆ ಆ ಸುರಂಗವನ್ನು ನೋಡಿಕೊಂಡು ಬಂತು. ಊರಿನವರು ಸ್ನಾನಗೃಹವನ್ನು ಮತ್ತೆ ಕಟ್ಟಿಕೊಂಡರು. ರೈಲು ಬಂತು, ಹಿಮಕ್ರೀಡೆ ಬಂತು, ಪರ್ವತಾರೋಹಿಗಳು ಬಂದರು. ಮೋಂ ಬ್ಲಾಂ ಏರುವವರ ಬಹಳ ಬಳಕೆಯ ದಾರಿ ಇಂದಿಗೂ ತೆತ್ ರೂಸ್ ಪಕ್ಕದಲ್ಲೇ ಹಾದುಹೋಗುತ್ತದೆ. ಕೆಳಗೆ ನೀರಿದೆಯೋ ಇಲ್ಲವೋ ಎಂದು ಅವರಲ್ಲಿ ಯಾರು ಕೇಳಿಯಾರು!

ಕೇಳಿದ್ದು 2007ರಲ್ಲಿ, ಸುರಂಗದ ಪಾಲನೆಯ ಹೊಣೆ ಹೊತ್ತಿದ್ದ ಇಲಾಖೆ. ಅದರ ಪ್ರಶ್ನೆ ತೀರ ಲೌಕಿಕವಾದದ್ದು: ನೂರು ವರ್ಷದಿಂದ ಏನೂ ಆಗಿಲ್ಲ, ಹಿಮನದಿಯೂ ಕರಗಿ ಚಿಕ್ಕದಾಗಿದೆ, ಈ ಸುರಂಗಕ್ಕೆ ಇನ್ನೂ ಹಣ ಹಾಕಬೇಕೇ? ಗ್ರನೋಬ್ಲ್ ನಗರದ ಹಿಮನದಿ ವಿಜ್ಞಾನಿಗಳ ಮುಂದೆ ಈ ಪ್ರಶ್ನೆ ಇಟ್ಟರು. ಖರ್ಚು ಉಳಿಸುವ ಯೋಚನೆಯಿಂದ ಹುಟ್ಟಿದ ಪ್ರಶ್ನೆಗೆ ಸಾಮಾನ್ಯವಾಗಿ ಬೇಕಾದ ಉತ್ತರವೇ ಸಿಗುತ್ತದೆ. ಇಲ್ಲಿ ಹಾಗಾಗಲಿಲ್ಲ. ಪ್ರಾಮಾಣಿಕವಾಗಿ ಅಳೆದು ನೋಡುವವರ ಕೈಗೆ ಅದು ಸಿಕ್ಕಿತು ಎಂಬುದೇ ಸ್ಯಾಂ-ಜೆರ್ವೆಯ ಪುಣ್ಯ.

ಮೊದಲು ರೇಡಾರ್ ಬಳಸಿದರು. ರೇಡಿಯೋ ಅಲೆಗಳು ಒಣ ಮಂಜುಗಡ್ಡೆಯನ್ನು ತೂರಿಕೊಂಡು ಹೋಗಿ, ತಳದ ಬಂಡೆಗೆ ತಾಗಿ ಹಿಂದಿರುಗುತ್ತವೆ. ಹೋಗಿ ಬರುವ ಕಾಲದಿಂದ ಮಂಜುಗಡ್ಡೆಯ ದಪ್ಪ ತಿಳಿಯುತ್ತದೆ. ಅತ್ಯಂತ ಆಳವಾದ ಕಡೆ ಅದು 70 ಮೀಟರಿಗೂ ಹೆಚ್ಚಿತ್ತು. ಆ ಆಳದ ಭಾಗದಲ್ಲಿ ಪ್ರತಿಧ್ವನಿ ಯಾಕೋ ವಿಚಿತ್ರವಾಗಿತ್ತು. ಒಳಗೆ ಏನೋ ಇದೆ. ಆದರೆ ಅದು ಪೊಳ್ಳೋ, ನೀರೋ, ಕಲ್ಲುಮಣ್ಣೋ? ರೇಡಾರ್ ಅದನ್ನು ಖಚಿತವಾಗಿ ಹೇಳದು.

ಇಲ್ಲಿ ನೆರವಿಗೆ ಬಂದ ಉಪಾಯ ವಿಜ್ಞಾನದ ವಿದ್ಯಾರ್ಥಿಗಳಿಗೆ ಸ್ವಾರಸ್ಯವೆನಿಸೀತು. ಆಸ್ಪತ್ರೆಗಳಲ್ಲಿ ಎಂ.ಆರ್.ಐ. ಯಂತ್ರವಿರುತ್ತದೆಯಲ್ಲ, ಅದರ ಹಿಂದಿರುವ ತತ್ತ್ವವೇ ಇದು. ನೀರಿನ ಅಣುವಿನಲ್ಲಿರುವ ಹೈಡ್ರೋಜನ್ ಪರಮಾಣುವಿನ ಬೀಜ ಒಂದು ಸಣ್ಣ ಅಯಸ್ಕಾಂತದಂತೆ ವರ್ತಿಸುತ್ತದೆ. ಕಾಂತಕ್ಷೇತ್ರದೊಳಗೆ ಅದು ಬುಗುರಿಯಂತೆ ಓಲಾಡುತ್ತದೆ. ಎಷ್ಟು ವೇಗವಾಗಿ ಎಂಬುದು ಕ್ಷೇತ್ರದ ಬಲವನ್ನು ಅವಲಂಬಿಸಿದೆ. ಆಸ್ಪತ್ರೆಯ ಯಂತ್ರದಲ್ಲಿ ಭಾರಿ ಅಯಸ್ಕಾಂತವಿರುವುದರಿಂದ ಈ ಓಲಾಟ ಸೆಕೆಂಡಿಗೆ ಕೋಟಿಗಟ್ಟಲೆ ಸಲ. ಬೆಟ್ಟದ ಮೇಲೆ ಅಂಥ ಅಯಸ್ಕಾಂತವನ್ನು ಹೊರುವುದುಂಟೆ? ಬೇಕಾಗಿಯೂ ಇಲ್ಲ. ಭೂಮಿಯೇ ಒಂದು ಅಯಸ್ಕಾಂತ. ಅದರ ದುರ್ಬಲ ಕ್ಷೇತ್ರದಲ್ಲಿ ಹೈಡ್ರೋಜನ್ ಬೀಜಗಳು ಸೆಕೆಂಡಿಗೆ ಸುಮಾರು 2,000 ಸಲ ಓಲಾಡುತ್ತವೆ. ಹಿಮನದಿಯ ಮೇಲೆ ಒಂದು ದೊಡ್ಡ ಮೈದಾನದಷ್ಟು ಜಾಗವನ್ನು ಸುತ್ತುವರಿದು ವಿದ್ಯುತ್ ತಂತಿ ಹಾಸಿ, ಅದೇ ಕಂಪನಾಂಕದ ವಿದ್ಯುತ್ತನ್ನು ಹರಿಸಿದರೆ ಒಳಗಿನ ಬೀಜಗಳು ಅನುರಣನಗೊಳ್ಳುತ್ತವೆ. ವಿದ್ಯುತ್ತನ್ನು ನಿಲ್ಲಿಸಿದ ಮೇಲೂ ಅವು ಕ್ಷಣಕಾಲ ಮರುದನಿ ಕೊಡುತ್ತವೆ. ಆ ಸೂಕ್ಷ್ಮ ದನಿಯನ್ನು ಅದೇ ತಂತಿ ಹಿಡಿಯುತ್ತದೆ.

ಮಂಜುಗಡ್ಡೆಯೂ ನೀರೇ, ಅದರಲ್ಲೂ ಹೈಡ್ರೋಜನ್ ಇದೆಯಲ್ಲ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಮಂಜುಗಡ್ಡೆಯಲ್ಲಿ ಅಣುಗಳು ಬಿಗಿಯಾಗಿ ಕಟ್ಟಿಹಾಕಿದಂತೆ ಇರುವುದರಿಂದ ಅವುಗಳ ಮರುದನಿ, ಉಪಕರಣ ಕಿವಿಗೊಡುವ ಮೊದಲೇ ಸತ್ತುಹೋಗುತ್ತದೆ. ದ್ರವರೂಪದ ನೀರಿನ ದನಿ ಮಾತ್ರ ಉಳಿಯುತ್ತದೆ. ಹೀಗೆ, ಒಂದು ಹನಿಯನ್ನೂ ಕಣ್ಣಿನಿಂದ ನೋಡದೆ, ಹಿಮನದಿಯೊಳಗೆ ನೀರೆಷ್ಟಿದೆ ಎಂದು ಅಂದಾಜು ಮಾಡಬಹುದು. ಸಿಕ್ಕ ಉತ್ತರ ಸುಮಾರು 55,000 ಘನಮೀಟರ್. ಬಳಿಕ ಬಿಸಿನೀರಿನ ಧಾರೆಯಿಂದ ಮಂಜುಗಡ್ಡೆಯಲ್ಲಿ ಕೊಳವೆಬಾವಿಗಳಂಥ ರಂಧ್ರಗಳನ್ನು ಕೊರೆದು ನೋಡಿದರು. ನೀರು ಇತ್ತು. ಅಷ್ಟೇ ಅಲ್ಲ, ಅದು ಒತ್ತಡದಲ್ಲಿತ್ತು.

ಈ ಒತ್ತಡದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಂಜುಗಡ್ಡೆಯ ಸಾಂದ್ರತೆ ನೀರಿನ ಹತ್ತರಲ್ಲಿ ಒಂಬತ್ತು ಪಾಲು. ಆದ್ದರಿಂದ 70 ಮೀಟರ್ ದಪ್ಪದ ಮಂಜುಗಡ್ಡೆ ತಳದ ಮೇಲೆ ಹಾಕುವ ಭಾರವನ್ನು 63 ಮೀಟರ್ ಎತ್ತರದ ನೀರು ಸರಿದೂಗಿಸುತ್ತದೆ. ನೀರಿನ ಮಟ್ಟ ಅದಕ್ಕಿಂತ ಮೇಲೇರಿತೆಂದರೆ ಮಂಜುಗಡ್ಡೆಯನ್ನು ತಳದಿಂದ ಎತ್ತುವ ಶಕ್ತಿ ಅದಕ್ಕೆ ಬರುತ್ತದೆ. ತೆತ್ ರೂಸ್‌ನಲ್ಲಿ ನೀರಿನ ಒತ್ತಡ ಈ ಮಿತಿಯನ್ನು ಮೀರಿತ್ತು. ಹಾಗಿದ್ದೂ ಅದು ಹೊರಬರದೆ ನಿಂತಿದ್ದು, ಹಿಮನದಿಯ ಕೆಳತುದಿ ಬಂಡೆಗೆ ಹೆಪ್ಪುಗಟ್ಟಿ ಅಂಟಿಕೊಂಡು ಬಿರಡೆಯಂತೆ ಕೂತಿದ್ದರಿಂದ.

ಬಿರಡೆ ಹೇಗಾಯಿತು ಎಂಬುದೇ ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಬೆರಗು ತರಿಸಿದ ಭಾಗ. ಹಿಮನದಿಯೆಂದರೆ ಎಲ್ಲ ಕಡೆಯೂ ಒಂದೇ ತಣ್ಣಗಿರುತ್ತದೆ ಎಂದು ನಾವು ಭಾವಿಸುತ್ತೇವೆ. ಹಾಗಿಲ್ಲ. ತೆತ್ ರೂಸ್‌ನ ಮೇಲ್ಭಾಗದ ಮಂಜುಗಡ್ಡೆ ಹೆಚ್ಚು ಕಡಿಮೆ ಶೂನ್ಯ ಡಿಗ್ರಿಯಲ್ಲಿದೆ. ಕೆಳತುದಿ ಅದಕ್ಕಿಂತ ತಣ್ಣಗಿದೆ. ಎತ್ತರದಲ್ಲಿರುವುದು ಬೆಚ್ಚಗೆ, ಕೆಳಗಿರುವುದು ತಣ್ಣಗೆ! ಕಾರಣ ಹಿಮದ ಹೊದಿಕೆ. ಮೇಲ್ಭಾಗದಲ್ಲಿ ಬಿದ್ದ ಹಿಮ ಬೇಸಿಗೆಯಲ್ಲೂ ಪೂರ್ತಿ ಕರಗುವುದಿಲ್ಲ. ಹಳೆಯ ಹಿಮದ ಆ ಪದರ ಸ್ಪಂಜಿನಂತೆ. ಮೇಲೆ ಕರಗಿದ ನೀರು ಅದರೊಳಗೆ ಇಳಿದು, ಅಲ್ಲಿನ ತಣ್ಣನೆಯ ಪದರಗಳಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ಒಂದು ಗ್ರಾಂ ನೀರು ಹೆಪ್ಪುಗಟ್ಟುವಾಗ 80 ಕ್ಯಾಲೊರಿ ಗುಪ್ತೋಷ್ಣವನ್ನು ಹೊರಬಿಡುತ್ತದೆಂದು ನೀವು ಹೈಸ್ಕೂಲಿನಲ್ಲೇ ಓದಿದ್ದೀರಿ. ಆ ಶಾಖ ಸುತ್ತಲಿನ ಮಂಜುಗಡ್ಡೆಯನ್ನು ಬೆಚ್ಚಗಾಗಿಸುತ್ತದೆ. ಚಳಿಗಾಲದಲ್ಲಿ ಮೇಲಿನ ಹಿಮ ಕಂಬಳಿಯಂತೆ ಹೊದ್ದು ಆ ಶಾಖವನ್ನು ಕಾಪಾಡುತ್ತದೆ.

ಕೆಳತುದಿಯಲ್ಲಿ ಹೀಗಿಲ್ಲ. ಬೇಸಿಗೆಯಲ್ಲಿ ಹಿಮವೆಲ್ಲ ಕರಗಿ ಗಟ್ಟಿ ಮಂಜುಗಡ್ಡೆ ಬಯಲಾಗುತ್ತದೆ. ಅದರೊಳಗೆ ನೀರು ಇಂಗುವುದಿಲ್ಲ. ಮೇಲೆಯೇ ಹರಿದುಹೋಗುತ್ತದೆ. ಗುಪ್ತೋಷ್ಣದ ಉಡುಗೊರೆ ಅದಕ್ಕೆ ದಕ್ಕುವುದಿಲ್ಲ. ಮತ್ತೆ ಚಳಿಗಾಲ ಬಂದಾಗ, ಹೊದಿಕೆ ತೆಳುವಾದುದರಿಂದ ಚಳಿ ನೇರವಾಗಿ ಒಳಗಿಳಿಯುತ್ತದೆ.

ಇದರಿಂದ ಒಂದು ವಿಪರ್ಯಾಸ ಹುಟ್ಟುತ್ತದೆ. ಹವೆ ಬಿಸಿಯಾದಂತೆ ಹಿಮದ ಹೊದಿಕೆ ಕಡಿಮೆಯಾಗುತ್ತದೆ. ಹೊದಿಕೆ ಕಡಿಮೆಯಾದಂತೆ ಕೆಳಗಿನ ಮಂಜುಗಡ್ಡೆ ಇನ್ನಷ್ಟು ತಣ್ಣಗಾಗಬಹುದು. ಬಿರಡೆ ಬಿಗಿಯಾಗಬಹುದು. ಮೇಲ್ಭಾಗದಲ್ಲಿ ಕರಗುವ ನೀರು ಮಾತ್ರ ಹೆಚ್ಚುತ್ತಲೇ ಇರುತ್ತದೆ. ತೆತ್ ರೂಸ್ ಬಗ್ಗೆ ಗ್ರನೋಬ್ಲ್ ವಿಜ್ಞಾನಿಗಳು ಮಾಡಿದ ಗಣಿತದ ಮಾದರಿಗಳು ತೋರಿಸಿದ್ದು ಇದನ್ನೇ. ಭೂಮಿ ಬಿಸಿಯಾದರೆ ಹಿಮನದಿಗಳು ಕರಗುತ್ತವೆ ಎಂಬ ಸರಳ ವಾಕ್ಯ ಸುಳ್ಳಲ್ಲ. ಆದರೆ ಆ ಒಂದು ವಾಕ್ಯವನ್ನು ಹಿಡಿದುಕೊಂಡು ಕೂತವರಿಗೆ, ಚಿಕ್ಕದಾಗುತ್ತಿರುವ ಹಿಮನದಿ ಹೆಚ್ಚು ಅಪಾಯಕಾರಿಯಾದೀತು ಎಂಬುದು ಹೊಳೆಯುವುದಿಲ್ಲ.

2010ರ ಜುಲೈ ತಿಂಗಳಲ್ಲಿ ವಿಜ್ಞಾನಿಗಳು ತಮ್ಮ ವರದಿಯನ್ನು ಅಧಿಕಾರಿಗಳ ಮುಂದಿಟ್ಟರು. ಕಣಿವೆಯಲ್ಲಿ ಸುಮಾರು 3,000 ಜನ ಅಪಾಯದ ದಾರಿಯಲ್ಲಿದ್ದರು. ಪ್ರವಾಸಿಗಳು ಹೆಚ್ಚಾಗಿ ಬರುವ ಕಾಲ. ಒಡೆಯುತ್ತದೆಯೇ, ಯಾವಾಗ ಒಡೆಯುತ್ತದೆ ಎಂದು ಯಾವ ವಿಜ್ಞಾನಿಯೂ ಹೇಳಲಾರ. ನಾಳೆಯಾಗಬಹುದು, ಹತ್ತು ವರ್ಷ ಬಿಟ್ಟು ಆಗಬಹುದು. ಇಂಥ ಹೊತ್ತಿನಲ್ಲಿ ಆಡಳಿತಕ್ಕೆ ಸುಲಭವಾದ ದಾರಿ ಇನ್ನೊಂದು ಸಮಿತಿಯನ್ನು ನೇಮಿಸುವುದು. ಅಲ್ಲಿ ಹಾಗೆ ಮಾಡಲಿಲ್ಲ. ವಿಷಯವನ್ನು ಜನರಿಗೆ ಬಹಿರಂಗವಾಗಿ ತಿಳಿಸಿದರು. ಹಿಮನದಿಯ ಕೆಳಗೆ, ಪ್ರವಾಹ ಹಾದುಹೋಗಬೇಕಾದ ಜಾಗದಲ್ಲಿ ಎಚ್ಚರಿಕೆಯ ತಂತಿಗಳನ್ನು ಕಟ್ಟಿದರು. ರಾಡಿ ಬಂದು ತಂತಿ ಹರಿದರೆ ಊರಿನಲ್ಲಿ ಸೈರನ್ ಮೊಳಗಬೇಕು. ಆಮೇಲೆ ಕೈಯಲ್ಲಿರುವುದು ಕೆಲವೇ ನಿಮಿಷ. ಯಾವ ಮನೆಯವರು ಯಾವ ದಿಬ್ಬಕ್ಕೆ ಓಡಬೇಕೆಂದು ಮೊದಲೇ ಗೊತ್ತುಮಾಡಿದರು.

ಮೇಲೆ ಕೆಲಸ ಶುರುವಾಯಿತು. ಕೆಳಗಿನಿಂದ ಸುರಂಗ ಕೊರೆದರೆ ಕೊರೆಯುವವರೇ ನೀರಿನ ಬಾಯಿಗೆ ಎದುರಾಗಿ ನಿಂತಂತಾಗುತ್ತದೆ. ಆದ್ದರಿಂದ ಮೇಲಿನಿಂದ ಬಾವಿ ಕೊರೆದು ಪಂಪು ಇಳಿಸಿ ನೀರೆತ್ತುವುದು ಎಂದಾಯಿತು. ಯಂತ್ರಗಳೂ ಇಂಧನವೂ ಹೆಲಿಕಾಪ್ಟರಿನಲ್ಲೇ ಹೋಗಬೇಕು. ಆಗಸ್ಟ್ ಕೊನೆಯ ವಾರದಿಂದ ಅಕ್ಟೋಬರ್ ಮೊದಲ ವಾರದವರೆಗೆ ಎತ್ತಿದ ನೀರು ಸುಮಾರು 48,000 ಘನಮೀಟರ್. ಲೀಟರಿನಲ್ಲಿ ಹೇಳುವುದಾದರೆ 4 ಕೋಟಿ 80 ಲಕ್ಷ. ಬೇಸಿಗೆಯಲ್ಲಿ ನಮ್ಮ ಬಡಾವಣೆಗಳಿಗೆ ಬರುವ 6 ಸಾವಿರ ಲೀಟರಿನ ಟ್ಯಾಂಕರುಗಳಾದರೆ 8 ಸಾವಿರ ಟ್ಯಾಂಕರು!

ಅಲ್ಲಿಗೆ ಮುಗಿಯಲಿಲ್ಲ. ನೀರು ಹೋದ ಮೇಲೆ ಹೊಸದೊಂದು ಚಿಂತೆ. ಅಷ್ಟು ದಿನ ಗುಹೆಯ ಮೇಲ್ಛಾವಣಿಯನ್ನು ಹೊತ್ತು ನಿಂತಿದ್ದು ಆ ನೀರೇ. ಈಗ ಛಾವಣಿ ಕುಸಿಯಬಹುದು. ಮೇಲೆ ಓಡಾಡುವವರು ಒಳಗೆ ಬೀಳಬಹುದು. ಬೇಸಿಗೆಯ ನೀರು ಮತ್ತೆ ತುಂಬಿಕೊಳ್ಳುತ್ತಲೂ ಇತ್ತು. 2011ರಲ್ಲಿ ಮತ್ತು 2012ರಲ್ಲಿ ಮತ್ತೆ ಪಂಪು ಹಚ್ಚಿದರು. ಪ್ರತಿ ಸಲವೂ ಸಿಕ್ಕ ನೀರು ಮೊದಲಿಗಿಂತ ಕಡಿಮೆ.

ದೂರದರ್ಶನದ ಕೆಲಸದಲ್ಲಿರುವವರಿಗೆ ಈ ಘಟನೆಯನ್ನು ಪರದೆಯ ಮೇಲೆ ತರುವುದು ಕಷ್ಟ. 1892ರ ದುರಂತಕ್ಕೆ ಚಿತ್ರಗಳಿವೆ: ಮುರಿದ ಗೋಡೆ, ಬಂಡೆಗಳ ರಾಶಿ. 2010ರಲ್ಲಿ ನಡೆದದ್ದಕ್ಕೆ ಏನನ್ನು ತೋರಿಸುವುದು? ಹಿಮದ ಮೇಲೆ ನಾಲ್ಕು ಯಂತ್ರ, ಒಂದು ಕೊಳವೆ, ಅದರ ತುದಿಯಲ್ಲಿ ಹರಿಯುವ ನೀರು. ಕೆಳಗೆ ಎಂದಿನಂತೆ ಅಂಗಡಿ ತೆರೆಯುವ ಊರು. ಸಾಯದೆ ಉಳಿದವರನ್ನು ಎಣಿಸುವ ಲೆಕ್ಕ ಯಾವುದೂ ಇಲ್ಲ. ಪಂಪು ಹಚ್ಚದಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ವಾದಿಸುವವರಿಗೆ ಕೊಡಲು ಖಚಿತವಾದ ಉತ್ತರವೂ ಇಲ್ಲ. ಇಂಥ ಕೆಲಸಕ್ಕೆ ಹಣ ಕೇಳುವುದು ಎಲ್ಲ ದೇಶಗಳಲ್ಲೂ ಕಷ್ಟವಾಗುವುದು ಇದರಿಂದಲೇ.

ಹಿಮಾಲಯದಲ್ಲೂ ಹಿಮನದಿಗಳ ಬಳಿಯ ಕೆರೆಗಳು ಒಡೆದು ಅನಾಹುತವಾಗಿದೆ. 2013ರಲ್ಲಿ ಕೇದಾರನಾಥದ ಮೇಲಿದ್ದ ಚೋರಾಬಾರಿ ಕೆರೆ, 2023ರ ಅಕ್ಟೋಬರಿನಲ್ಲಿ ಸಿಕ್ಕಿಮಿನ ದಕ್ಷಿಣ ಲ್ಹೋನಕ್ ಕೆರೆ ಒಡೆದದ್ದು ನಿಮಗೆ ನೆನಪಿರಬಹುದು. ಆದರೆ ಅವು ಮೇಲೆ ಕಾಣುವ ಕೆರೆಗಳು. ಉಪಗ್ರಹದಿಂದ ಅವುಗಳ ಪಟ್ಟಿ ಮಾಡಬಹುದು, ವರ್ಷದಿಂದ ವರ್ಷಕ್ಕೆ ಎಷ್ಟು ಹಿಗ್ಗಿವೆ ಎಂದು ಅಳೆಯಬಹುದು. ಮಂಜುಗಡ್ಡೆಯ ಒಳಗಿರುವ ನೀರು ಉಪಗ್ರಹದ ಕಣ್ಣಿಗೂ ಬೀಳುವುದಿಲ್ಲ. ತಂತಿ ಹೊತ್ತುಕೊಂಡು ಮೇಲೆ ಹತ್ತಿಯೇ ನೋಡಬೇಕು. ಪ್ರತಿ ಹಿಮನದಿಗೂ ಹಾಗೆ ಮಾಡಲಾಗದು. ತೆತ್ ರೂಸ್‌ನಲ್ಲಿ ಮಾಡಿದ್ದು, ಅಲ್ಲಿ ಒಮ್ಮೆ ಜನ ಸತ್ತಿದ್ದರು ಎಂಬ ಕಾರಣಕ್ಕೆ. ಮತ್ತು 1904ರ ಸುರಂಗವೊಂದು ಇಲಾಖೆಯ ಖರ್ಚಿನ ಪಟ್ಟಿಯಲ್ಲಿ ಉಳಿದುಕೊಂಡಿತ್ತು ಎಂಬ ಕಾರಣಕ್ಕೆ.

ಖಾಲಿಯಾದ ಗುಹೆಗೆ ಏನಾಗುತ್ತದೆ ಎಂಬುದೊಂದು ಉಳಿಯಿತು. ಮಂಜುಗಡ್ಡೆ ನೋಡಲು ಕಲ್ಲಿನಂತಿದ್ದರೂ ದೀರ್ಘಕಾಲದ ಒತ್ತಡದಲ್ಲಿ ಮೇಣದಂತೆ ಮೆಲ್ಲನೆ ಹರಿಯುತ್ತದೆ. ಒಳಗಿನಿಂದ ತಡೆಯುವ ನೀರಿಲ್ಲದಿದ್ದರೆ ಸುತ್ತಲಿನ ಮಂಜುಗಡ್ಡೆಯೇ ತನ್ನ ಭಾರದಿಂದ ಗುಹೆಯನ್ನು ಹಿಸುಕಿ ಸಣ್ಣದು ಮಾಡುತ್ತ ಬರುತ್ತದೆ. 2010ರ ನಂತರದ ಅಳತೆಗಳಲ್ಲಿ ಕಂಡದ್ದೂ ಇದನ್ನೇ. ನೀರನ್ನು ಒಮ್ಮೆ ಎತ್ತಿ ಬಿಟ್ಟಿದ್ದರೆ ಗುಹೆ ಮರುವರ್ಷವೇ ತುಂಬಿ ಹಿಗ್ಗುತ್ತಿತ್ತು. ಮೂರು ಬೇಸಿಗೆ ಬಿಡದೆ ಎತ್ತಿದ್ದರಿಂದ ಮುಚ್ಚಿಕೊಳ್ಳಲು ಅದಕ್ಕೆ ಸಮಯ ಸಿಕ್ಕಿತು.